ಹಳೆಯ ವಿಸ್ಕಿಗೆ ಶೇಂಗಾದ ಒಗ್ಗರಣೆ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ವಿಸ್ಕಿಯ ವಿಚಾರವೇ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಹುಬ್ಬೇರಿಸುವುದು ನ್ಯಾಯವೇ. ಆದರೆ ಈ ಲೇಖನ ಯಾರನ್ನೂ ಕುಡಿಯಿರಿ ಎಂದು ಕರೆಯುವುದಕ್ಕಲ್ಲ. ಕುಡಿಯುವ ಗ್ಲಾಸಿನೊಳಗೆ ಏನೇನು ಬೀಳುತ್ತದೆ, ಬಿದ್ದದ್ದನ್ನು ಯಾರು ಯಾರಿಗೆ ಹೇಳಬೇಕು ಎಂಬುದನ್ನು ನೋಡುವುದಕ್ಕೆ. ಈ ವಿಚಾರ ಕುಡಿಯುವವರಿಗಿಂತಲೂ ಮನೆಯಲ್ಲಿ ಬಾಗಿಲು ನೋಡುತ್ತ ಕುಳಿತವರಿಗೆ ಹೆಚ್ಚು ಬೇಕಾದದ್ದು.

ಪ್ರಸಂಗ ಹುಟ್ಟಿದ್ದು ನಮ್ಮ ಮನೆಯ ಜಗಲಿಯಲ್ಲಿಯೇ. ನನ್ನ ಭಾವನವರು ಬ್ಯಾಂಕಿನ ನೌಕರಿಯಲ್ಲಿ ಊರೂರು ತಿರುಗಿದವರು. ಅದರಲ್ಲಿ ಮೂರು ವರ್ಷ ನಾರ್ವದಲ್ಲಿದ್ದರು. ನಿವೃತ್ತರಾದ ಮೇಲೂ ಆ ಕಡೆಯ ಸ್ನೇಹ ಬಿಟ್ಟಿಲ್ಲ. ಕಳೆದ ಸಲ ಹೋಗಿ ಬರುವಾಗ ಒಂದು ಚೀಲ ನೆಲಕಡಲೆ ತಂದರು. ಅದೇ ದಿನ ಅವರ ಮಗ, ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಪಾನೀಯ ಬೆರೆಸುವ ಕೆಲಸದಲ್ಲಿರುವ ನನ್ನ ಸೋದರಳಿಯ, ರಜೆಯಲ್ಲಿ ಬಂದಿದ್ದ. ಚೀಲದೊಳಗೆ ಕೈಹಾಕಿ ನಾಲ್ಕು ಕಾಳು ಬಾಯಿಗೆಸೆದುಕೊಂಡವನು, "ಮಾವ, ಇದು ಬಹಳ ಒಳ್ಳೆಯ ಕಡಲೆ. ಇದರಿಂದ ಓಲ್ಡ್ ಫ್ಯಾಶನ್ಡ್ ಮಾಡಬಹುದು" ಎಂದ.

ಒಳಗಿನಿಂದ ಅಮ್ಮ ಕೇಳಿದರು: "ಏನು ಮಗಾ, ಚಟ್ನಿಯೋ ಉಂಡೆಯೋ?"

"ಎರಡೂ ಅಲ್ಲ ಅಜ್ಜಿ. ವಿಸ್ಕಿ."

"ಕಡಲೆಯನ್ನು ಬಾಟ್ಲಿಗೆ ಹಾಕುವುದುಂಟೇ! ಬಾಟ್ಲಿಯ ಪಕ್ಕದಲ್ಲಿ ಇಡುವುದೆಂದು ಕೇಳಿದ್ದೆ" ಎಂದರು ಅಮ್ಮ. ಎಂಬತ್ತು ದಾಟಿದ ಅಮ್ಮ ಲೋಕವ್ಯವಹಾರ ಅರಿಯದವರಲ್ಲ.

ಆ ದಿನದ ಮಾತುಕತೆಯಿಂದ ನನಗೆ ದಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾರ್ವ ಎಲ್ಲಿದೆ?

ನಾರ್ವ ಈಗ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಒಂದು ಮಂಡಲ ಕೇಂದ್ರ. ಮಕ್ತಲಿಗೆ ಸಮೀಪ. ಕೃಷ್ಣಾ ನದಿಯ ಆಚೆಗೆ ಗದ್ವಾಲ, ಪಶ್ಚಿಮಕ್ಕೆ ರಾಯಚೂರು ಸೀಮೆ. ನಾರಾಯಣಪೇಟೆ ಜಿಲ್ಲೆಯಾದದ್ದು 2019ರ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ ಅದೆಲ್ಲ ಮಹಬೂಬನಗರ ಜಿಲ್ಲೆ.

ನಮಗೂ ಆ ಸೀಮೆಗೂ ಒಂದು ನಂಟು ಉಂಟು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಅದೇ ದಿನ, ಅದೇ ಕಾನೂನಿನಂತೆ, ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಆ ಗಡಿಯುದ್ದಕ್ಕೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹಳೆಯ ದಾಖಲೆಗಳಲ್ಲಿ ಉರ್ದು. ನಮ್ಮಲ್ಲಿ ಮನೆಯೊಳಗೆ ಒಂದು, ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂಬಂತೆಯೇ. ನಾವು ನೆಲಕಡಲೆ ಎನ್ನುವುದಕ್ಕೆ ಅಲ್ಲಿನ ಕನ್ನಡದಲ್ಲಿ ಶೇಂಗಾ, ತೆಲುಗಿನಲ್ಲಿ ಪಲ್ಲಿ. ಭಾವನವರಿಗೆ ಮೂರು ವರ್ಷದಲ್ಲಿ ನೆಲಕಡಲೆ ಎಂಬ ಮಾತೇ ಮರೆತುಹೋಗಿ ಶೇಂಗಾ ಎಂಬುದೇ ಬಾಯಿಗೆ ಕೂತಿದೆ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಮಹಬೂಬನಗರ, ವನಪರ್ತಿ, ಗದ್ವಾಲ, ನಾರಾಯಣಪೇಟೆಗಳಲ್ಲಿ ಹಿಂಗಾರಿನ ಶೇಂಗಾಕ್ಕೆ ಹೆಸರುಂಟು. ಮಳೆ ನಿಂತ ಮೇಲೆ ಬಿತ್ತಿ, ಬಾವಿ ಕಾಲುವೆಗಳ ನೀರಿನಲ್ಲಿ ಬೆಳೆಸಿ, ಬಿಸಿಲು ಏರುವ ಹೊತ್ತಿಗೆ ಕೀಳುತ್ತಾರೆ. ಕೀಳುವ ಕಾಲದಲ್ಲಿ ಮಳೆಯಿಲ್ಲದ್ದರಿಂದ ಕಾಯಿ ಚೆನ್ನಾಗಿ ಒಣಗುತ್ತದೆ. ಈ ಒಣಗುವ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಹಳೆಯ ಪಾನೀಯದ ಜಾತಕ

ಓಲ್ಡ್ ಫ್ಯಾಶನ್ಡ್ ಎಂದರೆ ಹಳೆಯ ಕ್ರಮದ್ದು ಎಂದರ್ಥ. 1806ರಲ್ಲಿ ಅಮೇರಿಕದ ನ್ಯೂಯಾರ್ಕ್ ಸಂಸ್ಥಾನದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದಕ್ಕೆ ವಾಚಕರೊಬ್ಬರು, ಕಾಕ್‌ಟೇಲ್ ಎಂದರೇನು ಸ್ವಾಮೀ ಎಂದು ಬರೆದು ಕೇಳಿದರಂತೆ. ಯಾವುದಾದರೊಂದು ಮದ್ಯ, ಸಕ್ಕರೆ, ನೀರು, ಕಹಿರಸ ಇವು ನಾಲ್ಕು ಸೇರಿದ್ದು ಎಂದು ಸಂಪಾದಕರು ಉತ್ತರ ಕೊಟ್ಟರು. ಆಮೇಲೆ ಅದಕ್ಕೆ ಅದು ಸೇರಿಸಿದರು, ಇದು ಸೇರಿಸಿದರು. ರೋಸಿಹೋದ ಹಳಬರು, ನಮಗೆ ಹಳೆಯ ಕ್ರಮದ್ದೇ ಕೊಡಿ ಎಂದು ಕೇಳತೊಡಗಿದರು. ಹೆಸರು ಅಲ್ಲಿಂದ ನಿಂತಿತು. ಲೂಯಿವಿಲ್ ನಗರದ ಪೆಂಡೆನಿಸ್ ಕ್ಲಬ್ಬಿನಲ್ಲಿ ಅದು ಹುಟ್ಟಿತೆಂದು ಒಂದು ಕತೆಯುಂಟು. ಆದರೆ ಆ ಕ್ಲಬ್ಬು ಆರಂಭವಾದದ್ದು 1881ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಷಿಕಾಗೋದ ಪತ್ರಿಕೆಯಲ್ಲಿ ಈ ಹೆಸರು ಅಚ್ಚಾಗಿದೆ.

ಕಹಿರಸ ಎಂದೆನಲ್ಲ, ಅದು ಬೇರು ತೊಗಟೆಗಳ ಕಷಾಯದಂಥದು. ಎಲ್ಲರೂ ಬಳಸುವ ಅಂಗೋಸ್ಟುರಾ ಕಹಿರಸವನ್ನು ಯೋಹಾನ್ ಸೀಗರ್ಟ್ ಎಂಬ ಜರ್ಮನ್ ವೈದ್ಯರು 1824ರಲ್ಲಿ ವೆನೆಜುವೆಲಾದಲ್ಲಿ ತಯಾರಿಸಿದರು. ಬೊಲಿವಾರನ ಸೈನ್ಯದ ವೈದ್ಯರಾಗಿದ್ದ ಅವರು ಅದನ್ನು ಮಾಡಿದ್ದು ಹೊಟ್ಟೆಯ ಔಷಧಿಯೆಂದು. ಔಷಧಿ ಹೋಗಿ ಮದ್ಯದ ಸಂಗಾತಿಯಾದದ್ದು ಲೋಕದ ವಿಚಿತ್ರ.

ಇರುವವು ನಾಲ್ಕೇ ವಸ್ತುಗಳು. ಯಾವುದು ಕೆಟ್ಟದ್ದಾದರೂ ಮರೆಮಾಚಲು ಅದರಲ್ಲಿ ಜಾಗವಿಲ್ಲ. "ಸಾರಿಗೆ ಕಾಯಿ ಅರೆದು ಹಾಕಿದರೆ ತಪ್ಪು ಮುಚ್ಚಿಹೋಗುತ್ತದೆ, ತಿಳಿಸಾರಿನಲ್ಲಿ ಮುಚ್ಚುವುದಿಲ್ಲ. ಇದು ತಿಳಿಸಾರಿನ ಹಾಗೆ ಮಾವ" ಎಂದ ಅಳಿಯ. ಅಂಥದಕ್ಕೆ ಬೀಜದ ರುಚಿ ಕೂಡಿಸುವುದು ಎಂದರೆ ತಿಳಿಸಾರಿಗೆ ಒಗ್ಗರಣೆ ಹಾಕಿದಂತೆ. ಹದ ತಪ್ಪಿದರೆ ಎರಡೂ ಹೋಯಿತು.

ಬೀಜದ ರುಚಿ ಇರುವುದೆಲ್ಲಿ?

ಹಸಿ ಶೇಂಗಾ ತಿಂದು ನೋಡಿ. ಅದಕ್ಕೆ ಅವರೆ ಅಲಸಂದೆಗಳ ಹಸಿ ವಾಸನೆ. ಅದು ನಿಜದಲ್ಲಿ ಅವರೆಯ ಕುಲದ್ದೇ, ಮರದ ಬೀಜವಲ್ಲ. ಹುರಿದಾಗ ಅದರ ಸಸಾರಜನಕವೂ ಸಕ್ಕರೆಯೂ ಬಿಸಿಗೆ ಒಂದನ್ನೊಂದು ಹಿಡಿದುಕೊಂಡು ಹೊಸ ಪರಿಮಳ ಹುಟ್ಟುತ್ತದೆ. ದೋಸೆ ಕೆಂಪಗಾಗುವಾಗ, ಕಾಫಿ ಬೀಜ ಹುರಿಯುವಾಗ ಆಗುವುದೂ ಇದೇ ಬಗೆಯ ಕೆಲಸ. ಹುಟ್ಟಿದ ಪರಿಮಳ ಎಣ್ಣೆಯಲ್ಲಿ ಸೇರಿಕೊಳ್ಳುತ್ತದೆ. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ.

ವಿಸ್ಕಿಯ ಕಡೆಯಿಂದಲೂ ಬೀಜಕ್ಕೆ ಸ್ವಾಗತವುಂಟು. ಅಮೇರಿಕದ ಬೂರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲಿಡುತ್ತಾರೆ. ಆ ಮರದಿಂದ ವೆನಿಲ್ಲಾದ ಕಂಪೂ, ಲ್ಯಾಕ್ಟೋನ್ ಎಂಬ ವಸ್ತುವಿನಿಂದ ತೆಂಗಿನಕಾಯಿಯ ಕಂಪೂ ಇಳಿಯುತ್ತವೆ. ತೆಂಗಿನ ಮರವನ್ನೇ ಕಾಣದ ಕೆಂಟಕಿಯ ವಿಸ್ಕಿಯಲ್ಲಿ ತೆಂಗಿನಕಾಯಿಯ ಪರಿಮಳ! ನಮ್ಮ ಕಡೆಯವರು ಮೂಸಿದರೆ ಕೊಬ್ಬರಿ ಒಣಗಿಸಿದ ಅಟ್ಟ ನೆನಪಾದೀತು.

ನಮ್ಮ ದೇಶದ ಮಾತು ಬೇರೆ. ಇಲ್ಲಿ ವಿಸ್ಕಿ ಎಂಬ ಚೀಟಿ ಹೊತ್ತ ಅಗ್ಗದ ಬಾಟ್ಲಿಗಳಲ್ಲಿ ಹೆಚ್ಚಿನವು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದವು. ಬಾರ್ಲಿಯಿಂದ ಮಾಡಿ ಪೀಪಾಯಿಯಲ್ಲಿ ಹಳತಾಗಿಸಿದ್ದೂ ಉಂಟು. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಅಮೃತ್ ಕಂಪೆನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ ಬಿಡುಗಡೆ ಮಾಡಿತು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾದರೆ, ಬೆಂಗಳೂರಿನ ಹವೆಯಲ್ಲಿ ಹತ್ತಕ್ಕೂ ಮಿಕ್ಕಿ ಹಾರಿಹೋಗುತ್ತದೆ. ಹಾಗಾಗಿ ಅಲ್ಲಿ ಹನ್ನೆರಡು ವರ್ಷಕ್ಕೆ ಆಗುವುದು ಇಲ್ಲಿ ನಾಲ್ಕೈದು ವರ್ಷಕ್ಕೇ ಆಗುತ್ತದಂತೆ.

ಮೂರು ದಾರಿಗಳು

ಬೀಜದ ರುಚಿಯನ್ನು ಗ್ಲಾಸಿಗೆ ತರಲು ಮೂರು ದಾರಿಗಳುಂಟು. ಮೊದಲನೆಯದು ಬೀಜದ ಹೆಸರಿನ ಸಿಹಿಮದ್ಯವನ್ನು ಬೆರೆಸುವುದು. ಸ್ಕಾಚ್ ವಿಸ್ಕಿಗೆ ಇಟೆಲಿಯ ಅಮರೆತ್ತೊ ಕೂಡಿಸಿದರೆ ಅದಕ್ಕೆ ಗಾಡ್‌ಫಾದರ್ ಎಂದು ಹೆಸರು. ಅಮರೆತ್ತೊ ಬಾದಾಮಿಯಂತೆ ಪರಿಮಳಿಸುತ್ತದೆ. ಆದರೆ ಅದನ್ನು ಅನೇಕ ಕಡೆ ಮಾಡುವುದು ಜರದಾಳು ಹಣ್ಣಿನ ಓಟೆಯೊಳಗಿನ ತಿರುಳಿನಿಂದ. ಹೆಸರು ಒಂದು, ಒಳಗಿರುವುದು ಇನ್ನೊಂದು.

ಎರಡನೆಯದು ಬೀಜದ ಹಾಲಿನ ಪಾಕ. ಫ್ರಾನ್ಸಿನವರು ಬಾದಾಮಿ ಹಾಲಿಗೆ ಸಕ್ಕರೆ ಹಾಕಿ ಮಾಡುವ ಪಾಕಕ್ಕೆ ಒರ್ಜಾ ಎನ್ನುತ್ತಾರೆ. ಸಕ್ಕರೆಯ ಬದಲು ಇದನ್ನು ಹಾಕಿದರಾಯಿತು. ಸುಲಭ, ಆದರೆ ಪಾನೀಯ ಸ್ವಲ್ಪ ಕದಡುತ್ತದೆ.

ಮೂರನೆಯದೇ ಈಗ ದೊಡ್ಡ ಊರುಗಳ ಬಾರುಗಳಲ್ಲಿ ನಡೆಯುವುದು. 2007ರಲ್ಲಿ ನ್ಯೂಯಾರ್ಕಿನ ಪಿ.ಡಿ.ಟಿ. ಎಂಬ ಬಾರಿನಲ್ಲಿ ಡಾನ್ ಲೀ ಎಂಬಾತ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ಕೊಬ್ಬನ್ನು ಬೂರ್ಬನ್ನಿಗೆ ಬೆರೆಸಿ, ತಣ್ಣಗಾಗಿಸಿ, ಗಟ್ಟಿಯಾದ ಕೊಬ್ಬನ್ನು ತೆಗೆದು, ಅದರಿಂದ ಓಲ್ಡ್ ಫ್ಯಾಶನ್ಡ್ ಮಾಡಿದ. ಕೊಬ್ಬು ಹೋಯಿತು, ಪರಿಮಳ ಉಳಿಯಿತು. ಅದೇ ಉಪಾಯವನ್ನು ಶೇಂಗಾಕ್ಕೆ, ತೆಂಗಿನೆಣ್ಣೆಗೆ, ತುಪ್ಪಕ್ಕೆ ಉಳಿದವರು ಹೊಂದಿಸಿದರು.

ಇದರ ಗುಟ್ಟು ನಮ್ಮ ಹೆಂಗಸರಿಗೆ ಹೊಸತಲ್ಲ. ಧನುರ್ಮಾಸದ ಬೆಳಗ್ಗೆ ತೆಂಗಿನೆಣ್ಣೆಯ ಕುಪ್ಪಿ ಬಿಳಿಯಾಗಿ ಗಟ್ಟಿಯಾಗುವುದನ್ನು ಕಂಡವರೇ ಎಲ್ಲರೂ. ಶೇಂಗಾ ಎಣ್ಣೆಗೆ ಇನ್ನೂ ಹೆಚ್ಚು ಚಳಿ ಬೇಕು, ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಅದು ಹೆಪ್ಪುಗಟ್ಟುತ್ತದೆ. ನೂರಕ್ಕೆ 42.8 ಮದ್ಯಸಾರವಿರುವ ವಿಸ್ಕಿ ಮಾತ್ರ ಅಲ್ಲಿ ಹೆಪ್ಪುಗಟ್ಟುವುದಿಲ್ಲ. ಹೀಗೆ ಎರಡನ್ನು ಬೇರೆ ಮಾಡಬಹುದು.

ಅಳಿಯ ಹೇಳಿದ ಕ್ರಮ ಹೀಗೆ. 150 ಗ್ರಾಂ ಶೇಂಗಾವನ್ನು ಸಣ್ಣ ಉರಿಯಲ್ಲಿ ಒಳಗಿನವರೆಗೂ ಕೆಂಪಾಗುವಂತೆ ಹುರಿದು, ಸಿಪ್ಪೆ ಕೇರಿ, ಎಣ್ಣೆ ಬಿಡುವವರೆಗೆ ಅರೆಯಬೇಕು. ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಅದಕ್ಕೆ 750 ಮಿಲಿಲೀಟರ್ ವಿಸ್ಕಿ ಸುರಿದು ಕದಡಿ, ಒಂದು ದಿನ ಮುಚ್ಚಿಡಬೇಕು. ಮರುರಾತ್ರಿ ಫ್ರಿಜ್ಜಿನ ಹೆಪ್ಪುಗಟ್ಟುವ ಖಾನೆಯಲ್ಲಿಡಬೇಕು. ಬೆಳಗ್ಗೆ ಮೇಲಿನ ಎಣ್ಣೆಯನ್ನು ತೆಗೆದು, ಮೊದಲು ಎರಡು ಮಡಿಕೆಯ ಬಟ್ಟೆಯಲ್ಲಿ, ಆಮೇಲೆ ಸೋಸುವ ಕಾಗದದಲ್ಲಿ ನಿಧಾನವಾಗಿ ಸೋಸಬೇಕು. ಬಟ್ಟೆಯನ್ನು ಹಿಂಡಬಾರದು. ಹಿಂಡಿದರೆ ಎಣ್ಣೆ ಮತ್ತೆ ಇಳಿಯುತ್ತದೆ. ಸೋಸಿದ್ದನ್ನು ತಣ್ಣಗಿಟ್ಟು ಕೆಲವು ವಾರಗಳೊಳಗೆ ಮುಗಿಸಬೇಕು, ಇಲ್ಲವಾದರೆ ಉಳಿದ ಎಣ್ಣೆಯ ಅಂಶಕ್ಕೆ ಕಮಟು ವಾಸನೆ ಬರುತ್ತದೆ.

ಆ ವಿಸ್ಕಿ 60 ಮಿಲಿಲೀಟರ್, ಸಕ್ಕರೆಯ ಬದಲು ಅರ್ಧ ಚಮಚ ಬೆಲ್ಲದ ಪಾಕ, ಎರಡು ಮೂರು ಸಿಡಿತ ಕಹಿರಸ, ದೊಡ್ಡದೊಂದು ಐಸು ಹಾಕಿ ತಿರುವಿ, ಕಿತ್ತಳೆ ಸಿಪ್ಪೆಯನ್ನು ಮೇಲಿಂದ ಹಿಂಡಿದರೆ ಮುಗಿಯಿತು. ಬೆಲ್ಲ ಯಾಕೆಂದರೆ, ನಾಗರ ಪಂಚಮಿಗೆ ರಾಯಚೂರಿನ ಕಡೆ ಕಟ್ಟುವ ಶೇಂಗಾದ ಉಂಡೆಯಲ್ಲಿ ಅವೆರಡರ ಜೋಡಿ ಎಷ್ಟೋ ಕಾಲದಿಂದ ಪರೀಕ್ಷೆಯಾಗಿ ಪಾಸಾಗಿದೆ.

ಆರಿಸುವ ಕೈ

ಇಷ್ಟು ಕೇಳಿ ಭಾವನವರು ಒಂದು ಮಾತು ಹೇಳಿದರು: "ನಿನ್ನ ಭರಣಿ, ಸೋಸುವ ಕಾಗದ ಎಲ್ಲ ಸರಿ ಮಾರಾಯ. ಆದರೆ ಕಾಳು ಆರಿಸಿದವರು ಯಾರು?"

ಅದು ಮುಖ್ಯವಾದ ಪ್ರಶ್ನೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಅವುಗಳ ಆಹಾರದಲ್ಲಿದ್ದ ಬ್ರೆಜಿಲಿನ ಶೇಂಗಾ ಹಿಂಡಿಯಲ್ಲಿ ಒಂದು ಬೂಷ್ಟಿನ ವಿಷ ಸಿಕ್ಕಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ಹೊಟ್ಟೆಗೆ ಹೋದರೆ ಯಕೃತ್ತಿಗೆ ಕ್ಯಾನ್ಸರ್ ತರುವ ವಿಷವದು. ಹುರಿದರೆ ಪೂರ್ತಿ ಹೋಗುವುದಿಲ್ಲ. ವಿಸ್ಕಿ ಸುರಿದರೂ ನಾಶವಾಗುವುದಿಲ್ಲ. ಮದ್ಯದಲ್ಲಿ ಎಲ್ಲ ಕ್ರಿಮಿಯೂ ಸಾಯುತ್ತದೆ ಎಂದು ನಂಬಿ ಮುಗ್ಗಿದ ಬೀಜವನ್ನು ಬಾಟ್ಲಿಗೆ ಹಾಕುವವರು ಇದನ್ನು ತಿಳಿಯಬೇಕು. ಬೂಷ್ಟು ಸತ್ತೀತು, ಅದು ಬಿಟ್ಟುಹೋದ ವಿಷ ಸಾಯುವುದಿಲ್ಲ. ಅದರಲ್ಲೂ ಯಕೃತ್ತನ್ನು ಮೊದಲೇ ದಣಿಸುವ ಮದ್ಯದ ಜೊತೆಗೆ ಇದೂ ಸೇರಿದರೆ ಕೇಳುವುದೇ ಬೇಡ.

ಹಾಗಾದರೆ ಉಪಾಯವೆಲ್ಲಿದೆ? ಬಾರಿನಲ್ಲಿ ಇಲ್ಲ, ಹೊಲದಲ್ಲಿದೆ. ಗಿಡ ಕಿತ್ತ ಮೇಲೆ ಕಾಯಿ ಮೇಲಕ್ಕಾಗಿ ಬುಡ ಮಗುಚಿ ಒಣಗಿಸುವುದು, ತೇವ ನೂರಕ್ಕೆ ಎಂಟರಷ್ಟಕ್ಕೆ ಇಳಿಯುವವರೆಗೆ ಚೀಲಕ್ಕೆ ತುಂಬದಿರುವುದು, ಒಡೆದದ್ದು, ಸುಕ್ಕಿದ್ದು, ಬಣ್ಣಗೆಟ್ಟದ್ದನ್ನು ಆರಿಸಿ ಬಿಸಾಡುವುದು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತ ಬಂದಿರುವುದೂ ಇದನ್ನೇ. ನಾರ್ವದ ಕಡೆಯ ಹಿಂಗಾರಿನ ಬಿಸಿಲಿಗೆ ಬೆಲೆಯಿರುವುದು ಇದಕ್ಕಾಗಿ. ಹೊಲದಲ್ಲಿ ಬಗ್ಗಿ ಕಾಳು ಆರಿಸುವ ಹೆಂಗಸಿನ ಕೈ ತಪ್ಪಿದರೆ ಬೆಂಗಳೂರಿನ ಯಾವ ಪಂಡಿತನೂ ಗ್ಲಾಸನ್ನು ಸರಿಮಾಡಲಾರ.

ಆ ಕೈಗೆ ಸಿಗುವುದೆಷ್ಟು? ಲೆಕ್ಕ ಹಾಕೋಣ. 2025-26ಕ್ಕೆ ಕೇಂದ್ರ ಸರಕಾರ ಘೋಷಿಸಿದ ಶೇಂಗಾದ ಬೆಂಬಲ ಬೆಲೆ ಕ್ವಿಂಟಲಿಗೆ 7263 ರೂಪಾಯಿ, ಅಂದರೆ ಕಿಲೋ ಕಾಯಿಗೆ 73ಕ್ಕೂ ಕಡಿಮೆ. ನೂರು ಗ್ರಾಂ ಕಾಯಿಯಿಂದ 70 ಗ್ರಾಂ ಕಾಳು ಎಂದಿಟ್ಟುಕೊಂಡರೆ, 150 ಗ್ರಾಂ ಕಾಳಿಗೆ ಸುಮಾರು ಹದಿನಾರು ರೂಪಾಯಿಯ ಕಾಯಿ ಬೇಕು. ಸೋರಿಹೋದದ್ದು ಕಳೆದು ಒಂದು ಬಾಟ್ಲಿಗೆ ಹನ್ನೊಂದು ಗ್ಲಾಸು. ಗ್ಲಾಸೊಂದರಲ್ಲಿ ಶೇಂಗಾ ಬೆಳೆದವನ ಪಾಲು ಒಂದೂವರೆ ರೂಪಾಯಿಯೊಳಗೆ. ದೊಡ್ಡ ಹೋಟೆಲಿನಲ್ಲಿ ಆ ಗ್ಲಾಸಿಗೆ ನೂರಾರು ರೂಪಾಯಿ. ಲೆಕ್ಕ ಮುಗಿದಾಗ ಅಳಿಯ ಮಾತಾಡಲಿಲ್ಲ.

ಹೇಳಿ ಬೆರೆಸುವುದು, ಹೇಳದೆ ಬೆರೆಸುವುದು

ಇನ್ನೊಂದು ವಿಚಾರ. ಕೆಲವರಿಗೆ ಶೇಂಗಾ ಒಗ್ಗುವುದಿಲ್ಲ. ಚೂರು ತಾಗಿದರೂ ಗಂಟಲು ಬಾತು ಉಸಿರು ಕಟ್ಟುತ್ತದೆ. ಎಣ್ಣೆ ತೆಗೆದು ಸೋಸಿದ ವಿಸ್ಕಿ ನೋಡಲು ಬರೀ ವಿಸ್ಕಿಯಂತೆಯೇ ಇರುತ್ತದೆ. ಆದರೆ ಶೇಂಗಾದ ಸಸಾರಜನಕ ಅದರಲ್ಲಿ ಉಳಿದಿರಬಹುದು. ಆದ್ದರಿಂದ ಕೊಡುವ ಮೊದಲು, ಇದರಲ್ಲಿ ಶೇಂಗಾ ಉಂಟು ಎಂದು ಬಾಯಿಬಿಟ್ಟು ಹೇಳಬೇಕು. ಅಳಿಯನ ಕಸುಬಿನಲ್ಲಿ ಇದೇ ಮೊದಲ ಪಾಠವಂತೆ. ಬೆರೆಸುವುದು ತಪ್ಪಲ್ಲ, ಹೇಳದೆ ಬೆರೆಸುವುದು ತಪ್ಪು.

ಈ ಮಾತು ಬಂದಾಗ ಭಾವನವರ ಮುಖ ಬಿಗಿಯಿತು. ತೆಲಂಗಾಣದಲ್ಲಿ ಬಡವರ ಪಾನೀಯ ವಿಸ್ಕಿಯಲ್ಲ, ಈಚಲ ಮರದ ಕಳ್ಳು. ಅಲ್ಲಿಯವರು ಸೇಂದಿ ಎನ್ನುತ್ತಾರೆ. ಮರದಿಂದ ಇಳಿಸಿದ ಕಳ್ಳು ಎಲ್ಲರಿಗೆ ಸಾಲದು. ನೀರು ಬೆರೆಸುತ್ತಾರೆ. ನೀರು ಬೆರೆಸಿದ್ದಕ್ಕೆ ಅಮಲು ಸಾಲದೆಂದು ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಅಲ್ಪ್ರಜೋಲಾಮ್ ಮುಂತಾದ ನಿದ್ದೆಯ ಮದ್ದುಗಳ ಪುಡಿ ಬೆರೆಸುವ ದಂಧೆ ಹಲವು ವರ್ಷಗಳಿಂದ ನಡೆದಿದೆ. 2015ರಲ್ಲಿ ಸರಕಾರ ಇದರ ಮೇಲೆ ಬಿಗಿ ಹಿಡಿದಾಗ ಮಹಬೂಬನಗರ, ನಿಜಾಮಾಬಾದ್ ಜಿಲ್ಲೆಗಳಲ್ಲಿ ಪುಡಿ ಸಿಗದೆ ಕೈಕಾಲು ನಡುಗಿ, ಬುದ್ಧಿ ಭ್ರಮಿಸಿ, ಜನರು ಗುಂಪುಗುಂಪಾಗಿ ಆಸ್ಪತ್ರೆ ಸೇರಿದರು. ತಾವು ಕುಡಿಯುತ್ತಿದ್ದದ್ದು ಕಳ್ಳು ಮಾತ್ರವಲ್ಲ ಎಂಬುದು ಎಷ್ಟೋ ಮಂದಿಗೆ ಅಂದೇ ತಿಳಿದದ್ದು. ದಿನದ ದುಡಿಮೆಯ ಆಯಾಸ ಕಳೆಯಲೆಂದು ಕುಡಿದ ಹೆಂಗಸರೂ ಅವರಲ್ಲಿದ್ದರು.

ನಮಗಿದು ದೂರದ ಕತೆಯಲ್ಲ. 2000ನೇ ಇಸವಿಯಲ್ಲಿ ನಮ್ಮದೇ ರಾಜ್ಯದ ಕಲ್ಲುವಾದುಕ್ಕಲ್‌ನಲ್ಲಿ ವಿಷ ಬೆರೆತ ಸಾರಾಯಿಗೆ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಬೀಜದ ಮಾತಿಗೆ ಬಂದರೆ, ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು ನೆಲಕ್ಕೆ, ನೀರಿಗೆ, ಮಕ್ಕಳ ಮೈಗೆ ಬೆರೆಸಿದರಲ್ಲ, ಆಗ ಅದರ ನಿಜವನ್ನು ಎಣ್ಮಕಜೆ ಪಡ್ರೆಯ ಜನಕ್ಕೆ ಯಾರು ಹೇಳಿದ್ದರು? ಸಿಂಪರಣೆ ನಿಂತದ್ದು 2000ದ ಕೊನೆಗೆ, ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆದದ್ದು 2011ರ ಮೇ ತಿಂಗಳಲ್ಲಿ. ಮಲಗಿದಲ್ಲೇ ಇರುವ ಮಕ್ಕಳನ್ನು ಇಂದಿಗೂ ಎತ್ತಿ ಆಡಿಸುತ್ತಿರುವ ತಾಯಂದಿರು ನಮ್ಮ ನೆರೆಕರೆಯಲ್ಲೇ ಇದ್ದಾರೆ.

ಹೀಗಾಗಿ ನನಗನಿಸುವುದಿಷ್ಟು. ಆ ಅಮೇರಿಕದ ಪತ್ರಿಕೆಯ ಸಂಪಾದಕರು ಒಳ್ಳೆಯ ಕೆಲಸ ಮಾಡಿದರು. ಒಳಗೆ ಏನಿದೆ ಎಂದು ಒಬ್ಬರು ಕೇಳಿದರು, ಅವರು ನಾಲ್ಕು ಹೆಸರು ಹೇಳಿದರು. ಕುಡಿಯುವವನಿಗೂ ತಿನ್ನುವವನಿಗೂ ಅಷ್ಟು ಕೇಳುವ ಹಕ್ಕುಂಟು, ಕೊಡುವವನಿಗೆ ಹೇಳುವ ಹೊಣೆಯುಂಟು. ನಾರ್ವದ ಸೇಂದಿಯಂಗಡಿಯ ಮುಂದೆ ನಿಂತ ಕೂಲಿಯವನಿಗೂ ಬೆಂಗಳೂರಿನ ಹೋಟೆಲಿನ ಮೆತ್ತನೆಯ ಕುರ್ಚಿಯವನಿಗೂ ಆ ಹಕ್ಕು ಒಂದೇ.

ಕೊನೆಗೆ ಮನೆಯ ಗ್ಲಾಸು

ಆ ಸಂಜೆ ನಮ್ಮಲ್ಲಿ ವಿಸ್ಕಿ ತೆರೆಯಲಿಲ್ಲ. ಕೇರಳದಲ್ಲಿ 23 ತುಂಬದವರಿಗೆ ಮದ್ಯ ಕೊಡುವಂತಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಇರುವವರೆಗೆ ಎಪ್ಪತ್ತು ತುಂಬಿದವರಿಗೂ ಇಲ್ಲ. ಅಳಿಯ ಸುಮ್ಮನಿರಲಿಲ್ಲ. ಹುರಿದ ಶೇಂಗಾ ಅರೆದು ನೀರಿನಲ್ಲಿ ಕಲಸಿ ಹಾಲು ಹಿಂಡಿ, ಅದಕ್ಕೆ ಬೆಲ್ಲ ಹಾಕಿ ಸಣ್ಣಗೆ ಕುದಿಸಿ ಪಾಕ ಮಾಡಿದ. ಹಾಲು ಹಾಕದ ಕಡು ಚಹಾ ಆರಿಸಿ ಅದಕ್ಕೆರಡು ಚಮಚ ಪಾಕ, ಐಸು, ಮೇಲೆ ಕಿತ್ತಳೆ ಸಿಪ್ಪೆ. ಕಹಿರಸದ ಕಹಿಯನ್ನು ಚಹಾವೇ ಕೊಟ್ಟಿತು.

ಅಮ್ಮನ ಕೈಗೆ ಗ್ಲಾಸು ಕೊಡುವಾಗ, "ಅಜ್ಜಿ, ಇದರಲ್ಲಿ ಚಹಾ, ಬೆಲ್ಲ, ಶೇಂಗಾ, ಕಿತ್ತಳೆ ಸಿಪ್ಪೆ. ಬೇರೇನೂ ಇಲ್ಲ" ಎಂದ.

ಅಮ್ಮ ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಯೋಚಿಸಿದರು. "ಶೇಂಗಾ ಅಂದರೆ ನಮ್ಮ ನೆಲಕಡಲೆಯೇ ತಾನೆ? ಇನ್ನೂ ಸ್ವಲ್ಪ ಹುರಿಯಬೇಕಿತ್ತು" ಎಂದರು. ಗ್ಲಾಸು ಮಾತ್ರ ಖಾಲಿಯಾಯಿತು.